ಮೂಸೆಯ ಮುಂದೆ ಅವ್ವ

ಕಳೆದ ವಾರ ಸ್ನಾನ ಮಾಡುವಾಗ ನನ್ನ ತಾಳಿಯ ಕೊಂಡಿ ಸವೆದು ಕಳಚಿ, ಬೊಟ್ಟು ಬಚ್ಚಲ ಕಲ್ಲಿನ ಮೇಲೆ ಬಿತ್ತು. ಜಾಲರಿ ಇದ್ದದ್ದರಿಂದ ಉಳಿಯಿತು, ಇಲ್ಲದಿದ್ದರೆ ಕಾವೇರಿಯ ಪಾಲಾಗುತ್ತಿತ್ತು. ಅರಿಸಿನದ ಕೊಂಬು ಕಟ್ಟಿದ ದಾರವನ್ನು ಕೊರಳಿಗೆ ಹಾಕಿಕೊಂಡು, ಬೊಟ್ಟನ್ನೂ ಸರವನ್ನೂ ಪರ್ಸಿನಲ್ಲಿಟ್ಟುಕೊಂಡು, ಶ್ರೀರಂಗಪಟ್ಟಣದ ಪೇಟೆಬೀದಿಯ ಅಕ್ಕಸಾಲಿಗನ ಅಂಗಡಿಗೆ ಹೋದೆ. ಆತ ಕೊಂಡಿಗೆ ಚಿಟಿಕೆ ಬಿಳಿಗಾರ ಹಚ್ಚಿ ಬೆಂಕಿ ಹಿಡಿದ. ಕಾದ ಲೋಹದ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಮುಖ ಬೆವರಿತು. ನಾನು ಸೆರಗಿನಿಂದ ಮುಖ ಒರೆಸಿಕೊಳ್ಳುವುದನ್ನು ನೋಡಿ ಆತ, "ಸೆಕೆನಾ ಅಕ್ಕ? ಬೆಸುಗೆ ಆಗೋಗಂಟ ಫ್ಯಾನ್ ಆಕಂಗಿಲ್ಲ, ವಸಿ ತಡ್ಕಳಿ" ಎಂದ. ಸೆಕೆಯಲ್ಲಪ್ಪ, ಹೆದರಿಕೆ ಎಂದು ಹೇಗೆ ಹೇಳಲಿ? ಅಕ್ಕಸಾಲಿಗನ ಮಗಳು ಬೆಸುಗೆಗೆ ಹೆದರಿದಳೆಂದರೆ ನಗುತ್ತಾನೆ.

ಆ ವಾಸನೆಯಲ್ಲೇ ನಾನು ಹುಟ್ಟಿ ಬೆಳೆದದ್ದು. ಪಾಂಡವಪುರದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಅಂಗಡಿ. ನೆಲದ ಮೇಲೊಂದು ಅಗ್ಗಿಷ್ಟಿಕೆ, ಅದರ ಕೆಂಡದ ನಡುವೆ ಚಿನ್ನ ಕರಗಿಸುವ ಮಣ್ಣಿನ ಮೂಸೆ, ಪಕ್ಕದಲ್ಲಿ ಊದುಗೊಳವೆ. ಅಪ್ಪ ಮಾತು ಕಡಿಮೆ. ಅವ್ವ ಅದಕ್ಕೆ ತದ್ವಿರುದ್ಧ. ನಾನು ಹೈಸ್ಕೂಲಿನಲ್ಲಿದ್ದಾಗ ಅವ್ವ ಪಕ್ಕದ ಮನೆಯ ನರ್ಸಮ್ಮನ ಜೊತೆಗೆಂದು ಒಂದು ಭಾನುವಾರ ರೈಲ್ವೆ ಸ್ಟೇಷನ್ನಿನ ಹತ್ತಿರದ ಪ್ರಾರ್ಥನೆ ಮನೆಗೆ ಹೋದಳು. ಮುಂದಿನ ಭಾನುವಾರ ನರ್ಸಮ್ಮನಿಗೆ ಡ್ಯೂಟಿ ಇತ್ತು, ಅವ್ವ ಒಬ್ಬಳೇ ಹೋದಳು. ಹಾಗೆ ಶುರುವಾಯಿತು. ಯಾವ ಕಾಯಿಲೆಯೂ ವಾಸಿಯಾಗಿರಲಿಲ್ಲ, ಯಾರೂ ಆಸೆ ತೋರಿಸಿರಲಿಲ್ಲ. ಯಾಕೆ ಹೋದೆ ಎಂದರೆ, "ಅಲ್ಲಿ ಕುಂತ್ಕಂಡ್ರೆ ನನ್ ಎದೆ ತಣ್ಣಗಾಯ್ತದೆ" ಎನ್ನುತ್ತಿದ್ದಳು.

ಊರಿನವರಿಗೆ ಈ ಉತ್ತರ ಸಾಲುವುದುಂಟೇ? ಪ್ರಶ್ನೆಗಳ ಮಳೆ ಸುರಿಯಿತು. ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ಅವ್ವ ಬೈಬಲಿನ ಸಾಲುಗಳ ಮೇಲೆ ಬೆರಳಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಓದಿ, ಎಲ್ಲದಕ್ಕೂ ಉತ್ತರ ಹುಡುಕಿಟ್ಟುಕೊಂಡಳು. ಕುಂಕುಮ ಬಿಟ್ಟವಳು ತಾಳಿ ಯಾಕೆ ಬಿಡಲಿಲ್ಲ ಎಂದರೆ, "ನಂಬದಿರೋ ಗಂಡ ಜೊತೇಲಿ ಬಾಳಕ್ಕೆ ಒಪ್ಪಿದ್ರೆ ಅವ್ನ ಬುಡಬ್ಯಾಡ ಅಂತ ಬರ್ದದೆ. ಇವ್ರು ಒಪ್ಪವ್ರೆ. ಇನ್ನೇನು?" ಎನ್ನುತ್ತಿದ್ದಳು. ಒಮ್ಮೆ ದೊಡ್ಡಮ್ಮ ಕರಿಘಟ್ಟದಿಂದ ಪ್ರಸಾದದ ಪುಳಿಯೋಗರೆ ತಂದರು. ಪುಳಿಯೋಗರೆ ಎಂದರೆ ಅವ್ವನಿಗೆ ಪ್ರಾಣ. "ತಿಂದ್ರೆ ಪಾಪ ಅಂತ ಅಲ್ಲ ಅಕ್ಕ, ಊಟ ನಮ್ಮನ್ನ ದೇವರ ಅತ್ರಕ್ಕೂ ಕರ್ಕಂಡೋಗಲ್ಲ, ದೂರಕ್ಕೂ ತಳ್ಳಲ್ಲ. ಆದ್ರೆ ನಾ ತಿನ್ನೋದ ನೋಡಿ, ಒಸದಾಗಿ ನಂಬಿರೋ ಇನ್ನೊಬ್ಬಳ ಮನಸ್ಸು ಕದಡಬಾರ್ದು ಅಂತದೆ" ಎಂದು ಹೇಳಿ, ನಮ್ಮ ಎಲೆಗಳನ್ನೇ ನೋಡುತ್ತಾ ಕೂತಳು. ನಾನು ಬೇಕೆಂದೇ ಬೆರಳು ನೆಕ್ಕಿಕೊಂಡು ತಿಂದೆ.

ದೊಡ್ಡಪ್ಪನದು ಮಾತ್ರ ದೊಡ್ಡ ಪ್ರಶ್ನೆ. ಅವರು ಚಿನಕುರಳಿಯಲ್ಲಿ ಕಮ್ಮಾರಿಕೆ ಮಾಡಿಕೊಂಡು, ಕಲ್ಲುಕ್ವಾರಿಯವರ ಉಳಿಗಳನ್ನು ತಟ್ಟಿ ಮೊನೆ ಮಾಡಿಕೊಡುತ್ತಿದ್ದವರು. ಅವರ ಮಾತಿಗೂ ಮೊನೆ ಇತ್ತು. "ಅಲ್ಲ ಕಣವ್ವ, ನಮ್ಗೆ ಇರೋ ದೇವ್ರು ಸಾಲ್ದು ಅಂತ ಫಾರಿನ್ ದೇವ್ರು ಬೇಕಾಯ್ತಾ?" ಎಂದು ಕೇಳಿದರು. ಅವ್ವ ತಡವರಿಸದೆ, "ಅವ್ರೂ ಆಚಾರ್ರೇ ಕಣ್ ಬಾವ. ಮರಗೆಲಸದೋರು" ಎಂದಳು. ದೊಡ್ಡಪ್ಪ ತಬ್ಬಿಬ್ಬಾಗಿ, "ಯಾವ ಗೋತ್ರವಂತೆ?" ಎಂದರು. ಅಪ್ಪ ಊದುಗೊಳವೆ ಕೆಳಗಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ, ಅದರಲ್ಲಿ ಇದೊಂದು.

ನಗು ನಿಂತದ್ದು ನನ್ನ ಮದುವೆ ಗೊತ್ತಾದಾಗ. ನಾಗಮಂಗಲದ ಕಡೆಯ ಸಂಬಂಧ, ನಮ್ಮ ಜನವೇ, ಹುಡುಗ ಮೇಷ್ಟ್ರು. ನಾನು ಆ ಮೇಷ್ಟ್ರನ್ನು ಎರಡು ಸಲ ನೋಡಿ ಮೂರನೆಯ ಸಲಕ್ಕೆ ಕಾಯುತ್ತಿದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಮದುವೆ ನನಗೆ ಎಷ್ಟು ಬೇಕಿತ್ತು ಎಂದು ನಿಮಗೆ ಗೊತ್ತಾಗಬೇಕು. ನಮ್ಮ ಮನೆತನದಲ್ಲಿ ತವರಿನ ಬೊಟ್ಟನ್ನು ಅಪ್ಪನೇ ಮಾಡಬೇಕು. ಆದರೆ ಚಿನ್ನ ಕರಗಿಸುವ ದಿನ ಅಗ್ಗಿಷ್ಟಿಕೆಗೆ ಕುಂಕುಮ ಹೂವಿಟ್ಟು, ಕರ್ಪೂರ ಬೆಳಗಿ, ಅಡ್ಡಬಿದ್ದು, ಮೊದಲ ತುಣುಕು ಚಿನ್ನವನ್ನು ಮೂಸೆಗೆ ಹಾಕಬೇಕಾದವಳು ಹುಡುಗಿಯ ತಾಯಿ. ಬೀಗರು ಬಂದು ಕೂತು ಅದನ್ನು ನೋಡಬೇಕು. ಅವ್ವನ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ನಿಮ್ಮೆಂಗಸ್ರು ಯಾವ ದೇವ್ರಿಗಾರಾ ಕೈ ಮುಗೀಲಿ ಆಚಾರ್ರೆ. ಆದ್ರೆ ಎತ್ತ ತಾಯಿ ಬದುಕಿರೋವಾಗ ಬೇರೆಯೋರ ಕೈಲಿ ಚಿನ್ನ ಬಿದ್ರೆ ಆ ಬೊಟ್ಟು ನಮ್ಮನೆಗೆ ಬ್ಯಾಡ" ಎಂದು ನನ್ನ ಮಾವನವರಾಗುವವರು ಅಪ್ಪನಿಗೆ ಹೇಳಿ ಕಳಿಸಿದರು.

ಅವ್ವ ಭಾನುವಾರ ಪಾಸ್ಟರನ್ನು ಕೇಳಿದಳು. ಕೆ.ಆರ್. ಪೇಟೆಯಿಂದ ಬೈಕಿನಲ್ಲಿ ಬರುತ್ತಿದ್ದ ಆತ ಕೆಟ್ಟವರಲ್ಲ, ಅವ್ವನನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಮನೆಯವರೆಗೂ ಬಂದು, ಚಪ್ಪಲಿ ಬಿಡದೆ ಜಗಲಿಯ ಮೇಲೆ ನಿಂತೇ ಹೇಳಿದರು. "ಅಕ್ಕಾ, ಆ ಬೆಂಕಿ ಮುಂದೆ ಬಗ್ಗಿದ ಮೇಲೆ ರೊಟ್ಟಿ ತಗೊಳ್ಳೋಕೆ ಕರ್ತನ ಮೇಜಿನ ಮುಂದೆ ಹೆಂಗೆ ಕೂತ್ಕೊತೀರಿ? ಎರಡೂ ಮೇಜಲ್ಲಿ ಪಾಲು ತಗೊಳ್ಳೋಕಾಗಲ್ಲ ಅಂತ ಬರೆದಿದೆ. ನಾನು ಬರೆದದ್ದಲ್ಲ." ಅವರ ಧ್ವನಿಯಲ್ಲಿ ಸಂಕಟವಿತ್ತು. ಅವ್ವ ನಾಮಾನನೆಂಬ ಸೇನಾಪತಿಯ ಕತೆ ಎತ್ತಿದಳು. ಅವನು ಹೊಸ ದೇವರನ್ನು ನಂಬಿದ ಮೇಲೂ, ರಾಜ ತನ್ನ ಕೈಗೆ ಒರಗಿಕೊಂಡು ಹಳೆಯ ಗುಡಿಯಲ್ಲಿ ಬಗ್ಗುವಾಗ ತಾನೂ ಬಗ್ಗಬೇಕಾಗುತ್ತದೆ ಎಂದು ಪ್ರವಾದಿಯ ಮುಂದೆ ಹೇಳಿಕೊಂಡನಂತೆ. "ಅವನು ಆಗತಾನೆ ನಂಬಿದೋನು. ನಿಮಗೆ ಎಷ್ಟು ವರ್ಷ ಆಯ್ತಕ್ಕ?" ಎಂದರು ಪಾಸ್ಟರು.

ಚಿನ್ನ ಕರಗಿಸಲು ಬುಧವಾರ ಗೊತ್ತಾಗಿತ್ತು. ಅವ್ವ ಮಾಡುತ್ತೇನೆ ಎನ್ನಲಿಲ್ಲ, ಮಾಡುವುದಿಲ್ಲ ಎಂದೂ ಅನ್ನಲಿಲ್ಲ. ಮಂಗಳವಾರ ಸಂಜೆ ನನಗೆ ತಡೆಯಲಾಗಲಿಲ್ಲ. ಅವಳು ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ನಿಂತು, "ಊರ್ನೋರ ಪ್ರಶ್ನೆಗೆಲ್ಲ ನಿನ್ ಬುಕ್ಕಲ್ಲಿ ಉತ್ರ ಅದೆ ಅಲ್ವಾ? ನಂದೂ ಒಂದು ಕೇಳ್ತೀನಿ, ಯೋಳು. ನಿಂಗೆ ನಿನ್ ದೇವ್ರು ಎಚ್ಚೋ ನಾನು ಎಚ್ಚೋ?" ಎಂದು ಕೂಗಿದೆ.

ಅವ್ವ ನನ್ನ ಮುಖ ನೋಡಿದಳು. ಬಾಯಿ ತೆರೆದಳು, ಮುಚ್ಚಿದಳು. ಆಮೇಲೆ ತಲೆ ತಗ್ಗಿಸಿ, ಸುಲಿದ ಕಾಳಿನ ಮೊರಕ್ಕೆ ಸಿಪ್ಪೆಯನ್ನೇ ಹಾಕತೊಡಗಿದಳು. ಎಲ್ಲದಕ್ಕೂ ಉತ್ತರವಿದ್ದ ಹೆಂಗಸಿಗೆ ನನ್ನ ಪ್ರಶ್ನೆಗೆ ಉತ್ತರವಿರಲಿಲ್ಲ ಎಂದು ನಾನು ಅಂದುಕೊಂಡೆ. ಗೆದ್ದೆ ಎಂದೂ ಅನ್ನಿಸಿತು. ಅನ್ನಿಸಿದ ಮೇಲೆ ಅಳು ಬಂತು.

ಬುಧವಾರ ಬೆಳಗ್ಗೆ ಬೀಗರು ಬಂದು ಚಾಪೆಯ ಮೇಲೆ ಕೂತರು. ಹನ್ನೆರಡಕ್ಕೆ ರಾಹುಕಾಲ, ಅಷ್ಟರೊಳಗೆ ಚಿನ್ನ ಕರಗಬೇಕು. ಅಪ್ಪ ಬೇಗನೆ ಇದ್ದಲು ಹೊತ್ತಿಸಿದ್ದರು. ದೊಡ್ಡಮ್ಮ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದಳು, ಒಳಗೂ ಇಲ್ಲ ಹೊರಗೂ ಇಲ್ಲ. ಕೆಂಡ ಬೂದಿ ಕಟ್ಟಿತು. ಅಪ್ಪ ಅವಳನ್ನು ಕರೆಯಲಿಲ್ಲ, ಇನ್ನಷ್ಟು ಇದ್ದಲು ಹಾಕಿ ಊದಿದರು. ಮತ್ತೆ ಬೂದಿ ಕಟ್ಟಿತು. ಬೀಗರು ಗಡಿಯಾರ ನೋಡಿದರು, ಎಲೆಯಡಿಕೆಯ ಚೀಲದ ದಾರ ಬಿಗಿದುಕೊಂಡರು. ಹೊರಡುವ ಗಂಡಸರು ಹಾಗೆ ದಾರ ಬಿಗಿಯುತ್ತಾರೆ. ನಾನು ಒಳಕೋಣೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

ದೊಡ್ಡಪ್ಪ, "ಏನ್ಲಾ, ಇನ್ನೆಷ್ಟೊತ್ಲಾ? ನಿನ್ನೆಂಡ್ರು ಏಳ್ದಿದ್ರೆ ನಾನೇ ರಟ್ಟೆ ಇಡ್ದು ಎಬ್ಬುಸ್ತೀನಿ" ಎಂದು ಎದ್ದರು.

"ಅಣ್ಣ, ಕುಂತ್ಕ" ಎಂದರು ಅಪ್ಪ. ಅಣ್ಣನಿಗೆ ಅವರು ಎದುರಾಡಿದ್ದು ಅದೇ ಮೊದಲು. ಎದ್ದುಹೋಗಿ ದೊಡ್ಡಮ್ಮನ ಕೈಯಿಂದ ತಟ್ಟೆ ತೆಗೆದುಕೊಂಡರು. "ಕುಂಕುಮ ನಾನಿಡ್ತೀನಿ. ಕರ್ಪೂರಾನೂ ನಾನೇ ಅಚ್ತೀನಿ. ಚಿನ್ನ ಆಕೋದು ಅವ್ಳ್ ಕೆಲ್ಸ. ಆಕಿದ್ರೆ ಆಕ್ಲಿ, ಇಲ್ದಿದ್ರೆ ಈ ಬೆಂಕಿ ಇವತ್ತು ಆರೋಗ್ಲಿ."

ಗಂಡಸು ಅಗ್ಗಿಷ್ಟಿಕೆಗೆ ಕುಂಕುಮವಿಡುವುದನ್ನು ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ಅಪ್ಪನ ಬೆರಳು ದಪ್ಪ, ಕುಂಕುಮ ಒಂದು ಕಡೆ ಹೆಚ್ಚಾಗಿ ಒಂದು ಕಡೆ ಚೆಲ್ಲಿತು. ಕರ್ಪೂರ ಬೆಳಗಿ, ಅಡ್ಡಬಿದ್ದು ಎದ್ದು, ಮತ್ತೆ ಊದಲು ಕೂತರು.

ಅವ್ವ ಎದ್ದು ಬಂದಳು. ಅಪ್ಪ ಕೊಟ್ಟ ಚಿನ್ನದ ತುಣುಕು ಹಿಡಿದು ನಿಂತಳು. ಮೂಸೆ ಇರುವುದು ನೆಲದ ಮಟ್ಟದಲ್ಲಿ, ನಿಂತು ಹಾಕಲಾಗದು. ಅವಳು ಎರಡೂ ಮಂಡಿಯೂರಿದಳು, ಬಗ್ಗಿದಳು. ತುಟಿ ಅಲ್ಲಾಡಿತು. ಚಿನ್ನ ಮೂಸೆಗೆ ಬಿತ್ತು. ದೊಡ್ಡಪ್ಪ, "ಬಿದ್ಲಲ್ಲ ಕೊನೆಗೂ ಕಾಲಿಗೆ" ಎಂದು ಗೆದ್ದವರ ಹಾಗೆ ಸುತ್ತ ನೋಡಿದರು. ಬೀಗರು ಎಲೆಯಡಿಕೆಯ ಚೀಲ ಬಿಚ್ಚಿದರು. ನನಗೆ ಆಶೀರ್ವಾದ ಮಾಡುತ್ತಿದ್ದಾಳೆ ಎಂದು ನಾನು ಬಾಗಿಲ ಹಿಂದೆಯೇ ಕಣ್ಣೊರೆಸಿಕೊಂಡೆ.

ಮದುವೆಯಾಯಿತು. ಅವ್ವ ಬೆಂಕಿಯ ಕಾಲಿಗೆ ಬಿದ್ದಳೆಂಬ ಸುದ್ದಿ ಪ್ರಾರ್ಥನೆ ಮನೆಗೂ ತಲುಪಿತು. ಬಹಳ ಕಾಲ, ಕರ್ತನ ಮೇಜಿನ ರೊಟ್ಟಿಯ ತಟ್ಟೆ ಅವಳ ಸಾಲಿಗೆ ಬಂದಾಗ ಅವಳು ಮುಟ್ಟದೆ ಪಕ್ಕದವರಿಗೆ ದಾಟಿಸುತ್ತಿದ್ದಳಂತೆ. ಬಿದ್ದಿಲ್ಲ, ಬಗ್ಗಿದೆ ಅಷ್ಟೇ ಎಂದು ಅಲ್ಲೂ ವಾದ ಮಾಡಲಿಲ್ಲ, ಇಲ್ಲಿ ದೊಡ್ಡಪ್ಪನಿಗೂ ತಿದ್ದಿ ಹೇಳಲಿಲ್ಲ. ಇದನ್ನು ನನಗೆ ಹೇಳಿದ್ದು ನರ್ಸಮ್ಮ, ವರ್ಷಗಳ ಮೇಲೆ. ಆಗಲೂ ನಾನು ಅವ್ವನನ್ನು ಏನೂ ಕೇಳಲಿಲ್ಲ.

ಬೆಸುಗೆಯಾದ ಬೊಟ್ಟನ್ನು ಸರಕ್ಕೆ ಪೋಣಿಸಿ, ಗುಲಾಬಿ ಕಾಗದದಲ್ಲಿ ಸುತ್ತಿ ಅಂಗಡಿಯಾತ ಕೊಟ್ಟಾಗ ನನ್ನ ಕಾಲು ಮನೆಯ ಕಡೆ ತಿರುಗಲಿಲ್ಲ. ಪಾಂಡವಪುರದ ಬಸ್ಸು ಹತ್ತಿದೆ. ಅಪ್ಪ ಈಗಿಲ್ಲ. ಅವರ ಕೋಣೆಯಲ್ಲಿ ನನ್ನ ತಮ್ಮ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಾನೆ. ಅವ್ವ ಅವನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬಂದ ಗಿರಾಕಿಗಳಿಗೆಲ್ಲ ಯೋಗಕ್ಷೇಮ ವಿಚಾರಿಸುತ್ತಾ ಕೂತಿರುತ್ತಾಳೆ. ಅವನು ಕಾಫಿ ತರಲು ಒಳಗೆ ಹೋದಾಗ ಕೇಳಿದೆ.

"ಅವ್ವ, ಆವತ್ತು ಇತ್ಲಲ್ಲಿ ನಾನೊಂದ್ ಪ್ರಶ್ನೆ ಕೇಳಿದ್ದೆ, ಗ್ಯಾಪ್ನ ಅದಾ? ನಿನ್ ದೇವ್ರು ಎಚ್ಚೋ ನಾನ್ ಎಚ್ಚೋ ಅಂತ. ಬುಕ್ಕಲ್ಲಿ ಅದ್ಕೆ ಉತ್ರ ಇರ್ನಿಲ್ವಾ?"

"ಇತ್ತು ಕಣವ್ವ" ಎಂದಳು ಅವ್ವ. "ಮಗನ್ನಾಗ್ಲಿ ಮಗಳನ್ನಾಗ್ಲಿ ನನಗಿಂತ ಎಚ್ಚಾಗಿ ಪ್ರೀತಿ ಮಾಡೋರು ನಂಗೆ ತಕ್ಕೋರಲ್ಲ ಅಂತ ಅವ್ರೇ ಯೋಳವ್ರೆ."

ನಾನು ಕುರ್ಚಿಯ ಕೈ ಹಿಡಿದುಕೊಂಡೆ. "ಆವತ್ತೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ನಿಂಗೆ ಯೋಳಕ್ಕೆ ಬಾಯಿ ಬರ್ನಿಲ್ಲ."

"ಮತ್ತೆ ಮೂಸೆ ಮುಂದೆ ಏನಂದೆ? ನಂಗೆ ಒಳ್ಳೇದಾಗ್ಲಿ ಅಂದ್ಯಾ?"

"ಇಲ್ಲ. ನಾಮಾನ ಅಂದಂಗೆ ಅಂದೆ. ಇದೊಂದ್ರಲ್ಲಿ ನನ್ನ ಕ್ಷಮಿಸ್ಬುಡಪ್ಪ ಅಂದೆ."

ಅವಳನ್ನು ಗೆದ್ದೆನೆಂದು ಇಷ್ಟು ವರ್ಷ ಆ ಬೊಟ್ಟನ್ನು ಕೊರಳಲ್ಲಿ ಹೊತ್ತು ತಿರುಗಿದ್ದೆ. "ಕ್ಷಮಿಸಿದ್ರಾ?" ಎಂದೆ.

ಅವ್ವ ಕನ್ನಡಕ ಸರಿಮಾಡಿಕೊಂಡಳು. "ಪ್ರವಾದಿ ಅವ್ನಿಗೆ ಸಮಾಧಾನವಾಗಿ ಓಗು ಅಂದ್ನಂತೆ. ಕ್ಷಮಿಸಿದೆ ಅಂತ ಯೋಳ್ದ ಅಂತ ಬರ್ದಿಲ್ಲ. ಓಗು ಅಂದ, ಅಷ್ಟೇಯ. ಎಲ್ಲಿ, ಆ ಬೊಟ್ಟು ಕೊಡಿಲ್ಲಿ, ಬೆಸುಗೆ ನೆಟ್ಟಗೆ ಆಕವ್ನಾ ನೋಡ್ತೀನಿ."

ಕಾಗದ ಬಿಚ್ಚಿ ಕೊಟ್ಟೆ. ಅವಳು ಕೊಂಡಿಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಪರ್ವಾಗಿಲ್ಲ, ನಿಮ್ಮಪ್ಪನಷ್ಟಿಲ್ಲ" ಎಂದು, ಸರವನ್ನು ನನ್ನ ಕೊರಳಿಗೆ ಹಾಕಲು ಎರಡೂ ಕೈ ಎತ್ತಿದಳು. ಕುರ್ಚಿಯಲ್ಲಿ ಕೂತವಳಿಗೆ ನನ್ನ ಕೊರಳು ಎಟುಕಲಿಲ್ಲ. ಅಗ್ಗಿಷ್ಟಿಕೆ ಇದ್ದ ಜಾಗದಲ್ಲೇ, ಅವಳ ಮುಂದೆ, ನಾನು ಎರಡೂ ಮಂಡಿಯೂರಿ ತಲೆ ಬಗ್ಗಿಸಿದೆ.