ಹಡಗಿನ ಹೆಸರು ಬರೆಸಿದ ಸಾಹೇಬರು

ಈ ವಾರ ನಮ್ಮ ಸೊಸೈಟಿಯ ಗೇಟಿನ ಮುಂದೆ ರಸ್ತೆಗೆ ಡಾಂಬರು ಹಾಕುತ್ತಿದ್ದಾರೆ. ಕಿಟಕಿ ಮುಚ್ಚಿದರೂ ವಾಸನೆ ಇಂದಿರಾಪುರಂನ ಈ ಎತ್ತರದ ಮನೆಯೊಳಕ್ಕೆ ನುಗ್ಗುತ್ತದೆ. ಮಕ್ಕಳೇ, ನೀವಿಬ್ಬರೂ ಮೂಗು ಮುಚ್ಚಿಕೊಂಡು ಓಡಾಡಿದಿರಿ. ನನ್ನಲ್ಲಿ ಮಾತ್ರ ಹಳೆಯ ಸಿಟ್ಟೊಂದು ಎದ್ದಿತು. ದಿಲ್ಲಿಯ ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಾವಿದ್ದಾಗ ಒಂದು ಭಾನುವಾರ ಇದೇ ವಾಸನೆಯ ತುಂಡೊಂದನ್ನು ತಂದು ನನ್ನ ಊಟದ ಮೇಜಿನ ಮೇಲೆ ಇಟ್ಟವರು ನಿಮ್ಮ ತಾತನ ಆಫೀಸಿನ ಸಾಹೇಬರು.

ಸಾಹೇಬರೂ ನಮ್ಮ ಕಡೆಯವರೇ. ಹಿಂದಿನ ಲೈನಿನ ದೊಡ್ಡ ಕ್ವಾರ್ಟರ್ಸಿನಲ್ಲಿದ್ದರು. ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಬರುವರು. "ಏನಮ್ಮಾ, ಇಡೀ ದಿಲ್ಲಿಯಲ್ಲಿ ಕಾಫಿ ಅಂದ್ರೆ ನಿಮ್ಮನೇದೇ" ಎಂದು ಬಾಗಿಲಿನಿಂದಲೇ ಕೂಗುವರು. ನಾನು ಒತ್ತುಶ್ಯಾವಿಗೆ ಬಡಿಸಿ ಒಳಗೆ ಹೋಗಿಬಿಡುತ್ತಿದ್ದೆ. ಹಳ್ಳಿ ಶಾಲೆಯಲ್ಲಿ ಓದಿದವಳು, ಅಧಿಕಾರಿಗಳ ಎದುರು ನಿಂತು ಮಾತನಾಡುವ ಅಭ್ಯಾಸ ನನಗಿರಲಿಲ್ಲ. ಆದರೆ ಅಡಿಗೆಮನೆಗೂ ಆ ಮೇಜಿಗೂ ನಡುವೆ ಇದ್ದದ್ದು ಒಂದು ಪರದೆ ಮಾತ್ರ.

ಅವರು ತಂದಿದ್ದು ಸಮುದ್ರದ ತಳದಲ್ಲಿ ಹಾಕುವ ಕೇಬಲಿನ ತುಂಡು. ಹೊರಗೆ ಬಾವಿ ಹಗ್ಗದ ಹಾಗೆ ಡಾಂಬರು ಬಳಿದ ದಾರದ ಸುತ್ತು, ಅದರೊಳಗೆ ಉಕ್ಕಿನ ತಂತಿ, ಎಲ್ಲಕ್ಕೂ ಒಳಗೆ ಕೂದಲೆಳೆಯಂಥ ಗಾಜು. ದೇಶದೇಶಗಳ ಫೋನು, ಇಂಟರ್ನೆಟ್ಟು ಎಲ್ಲ ಆ ಗಾಜಿನಲ್ಲಿ ಓಡುತ್ತದಂತೆ. ಅಂಥದ್ದೊಂದು ಆಗ ಕಡಲಿನಲ್ಲಿ ತುಂಡಾಗಿತ್ತು. ಯಾರು ಕತ್ತರಿಸಿದರು ಎಂದು ಮೇಲಿನವರು ಕೇಳಿದ್ದರು. ಅದಕ್ಕೆ ಉತ್ತರ ಬರೆಯುವ ಕೆಲಸ ನಿಮ್ಮ ತಾತನ ವಿಭಾಗಕ್ಕೆ ಬಂದಿತ್ತು.

"ಆ ದಾರೀಲಿ ಬೇಕಾದಷ್ಟು ಹಡಗು ಹೋಗಿವೆ ಸಾರ್" ಎಂದರು ತಾತ. "ಲಂಗರು ತಾನಾಗೇ ಜಾರಿ ಕೇಬಲನ್ನ ಎಳೆದಿರಬಹುದು, ಬೇಕಂತಲೇ ಇಳಿಬಿಟ್ಟಿರಬಹುದು. ನೀರಿನ ತಳದಲ್ಲಿ ನಿಂತು ನೋಡಿದವರು ಯಾರು?"

"ರೀ, ಮೇಷ್ಟ್ರ ಥರ ಆಡ್ಬೇಡಿ. ಆ ಒಂದು ಹಡಗು ಅಲ್ಲೇ ನಿಧಾನ ಮಾಡಿದೆ ತಾನೇ? ಅದರ ಹೆಸರು ಬರೀರಿ. ಬೇಕಂತಲೇ ಮಾಡಿದ್ದು ಅಂತ ಹಾಕಿ. ಮೇಲಿನವರಿಗೆ ಒಂದು ಹೆಸರು ಬೇಕು."

"ಪುರಾವೆ ಕೇಳಿದ್ರೆ?"

"ಅರೇ, ನಾನಿದ್ದೀನಲ್ಲ! ಬರೀರಿ. ಅಮ್ಮಾ, ಇನ್ನೊಂದು ಲೋಟ ಕಾಫಿ!"

ನಾನೇ ತಂದುಕೊಟ್ಟೆ.

ಸರ್ಕಾರಿ ಆಫೀಸಿನಲ್ಲಿ ಹೇಗೆಂದರೆ, ಕೆಳಗಿನವನು ಟಿಪ್ಪಣಿ ಬರೆದು ಸಹಿ ಹಾಕಿ ಮೇಲಕ್ಕೆ ಕಳಿಸಬೇಕು. ಮೇಲಿನವರು ಒಪ್ಪಿದರೆ ಅದರ ಕೆಳಗೆ ಸಹಿ ಹಾಕುತ್ತಾರೆ. ಒಪ್ಪಿದೆ ಎನ್ನಲೂ ಇಷ್ಟವಿಲ್ಲ, ಇಲ್ಲ ಎನ್ನಲೂ ಇಷ್ಟವಿಲ್ಲದಿದ್ದರೆ 'ಬಂದು ಚರ್ಚಿಸಿ' ಎಂದಷ್ಟೇ ಗೀಚುತ್ತಾರೆ. ತಾತ ಆ ಹಡಗಿನ ಹೆಸರು ಬರೆದು ಕಳಿಸಿದರು, ಸಾಹೇಬರು ಅದರ ಮೇಲೆ ಹಾಗೆ ಗೀಚಿದರು. ತಾತ ಚರ್ಚಿಸಲು ಹೋದಾಗ "ಫಸ್ಟ್ ಕ್ಲಾಸ್ ಆಗಿದೆ, ಇರಲಿ" ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಬೆನ್ನು ತಟ್ಟಿದ್ದು ಫೈಲಿನಲ್ಲಿ ಕಾಣುವುದಿಲ್ಲವಲ್ಲ...

ಸ್ವಲ್ಪ ದಿನಕ್ಕೆ ಆ ಟಿಪ್ಪಣಿಯ ಮಾತು ಹಡಗಿನ ಹೆಸರಿನ ಸಮೇತ ಪತ್ರಿಕೆಯಲ್ಲಿ ಬಂತು. ಹಡಗಿನ ದೇಶದವರು ಕೆರಳಿದರು, ಪುರಾವೆ ಎಲ್ಲಿ ಎಂದರು. ಪುರಾವೆ ಇಲ್ಲದೆ ಯಾರ ಹೆಸರನ್ನೂ ಹೇಳಬಾರದು ಎಂದು ದೊಡ್ಡವರೆಲ್ಲ ಕೂತು ತೀರ್ಮಾನಿಸಿದರು. ಹಡಗು ಪಾರಾಯಿತು. ಆಮೇಲೆ ಈ ಹೆಸರು ಬರೆದವನು ಯಾರು, ಪತ್ರಿಕೆಗೆ ಕೊಟ್ಟವನು ಯಾರು ಎಂಬ ಪ್ರಶ್ನೆ ಎದ್ದಿತು. "ನಾನು ಒಪ್ಪಿಯೇ ಇರಲಿಲ್ಲ, ಚರ್ಚಿಸಿ ಎಂದಿದ್ದೆ" ಎಂದು ಸಾಹೇಬರು ಕೈ ತೊಳೆದುಕೊಂಡರು. ಟಿಪ್ಪಣಿಯ ಕೆಳಗೆ ಇದ್ದದ್ದು ನಿಮ್ಮ ತಾತನ ಸಹಿ ಮಾತ್ರ. ಬರೆದವನೇ ಪತ್ರಿಕೆಗೂ ಕೊಟ್ಟಿರಬೇಕು ಎಂದರು ಮೇಲಿನವರು. ಅದಕ್ಕೆ ಮಾತ್ರ ಯಾರೂ ಪುರಾವೆ ಕೇಳಲಿಲ್ಲ. ಕಡಲಿನ ಹಡಗಿಗೆ ಸಿಕ್ಕ ಮರ್ಯಾದೆ ನಿಮ್ಮ ತಾತನಿಗೆ ಸಿಗಲಿಲ್ಲ.

ಒಂದು ಮಧ್ಯಾಹ್ನ ನಾನೇ ಹಿಂದಿನ ಲೈನಿಗೆ ನಡೆದೆ. ಚಳಿಗಾಲ. ಸಾಹೇಬರು ಅಂಗಳದ ಬಿಸಿಲಿನಲ್ಲಿ ಕುರ್ಚಿ ಹಾಕಿಕೊಂಡು ಕಡಲೆಕಾಯಿ ಸುಲಿಯುತ್ತಿದ್ದರು.

"ಬನ್ನಿ ಅಮ್ಮಾ, ಏನು ಅಪರೂಪ? ಕಿತ್ತಳೆ ತಗೊಳ್ಳಿ."

"ಬರೀರಿ, ನಾನಿದ್ದೀನಿ ಅಂತ ನಮ್ಮನೇಲಿ ಕೂತು ನೀವು ಹೇಳಿದ್ರಿ. ನಾನು ಕೇಳಿಸಿಕೊಂಡಿದ್ದೀನಿ."

ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಅವರು ನಕ್ಕರು. "ಆಫೀಸಿನ ವಿಷಯ ನಿಮಗೆ ಅರ್ಥ ಆಗಲ್ಲ. ಆಮೇಲೆ ನೀವು ಅವರ ಹೆಂಡತಿ. ಹೆಂಡತಿ ಮಾತನ್ನ ಯಾರಮ್ಮ ನಂಬ್ತಾರೆ?"

"ಬೇರೆ ಯಾರೂ ನಂಬೋದು ಬೇಡ. ಹೇಳಿದ್ದು ಹೌದೋ ಅಲ್ವೋ, ನೀವೇ ಹೇಳಿ."

ಅವರು ಮತ್ತೊಂದು ಕಡಲೆಕಾಯಿ ಒಡೆದರು. ಸಿಪ್ಪೆಯನ್ನು ನನ್ನ ಕಾಲಿನ ಹತ್ತಿರ ಹಾಕಿ, ಒಳಗೆ ತಿರುಗಿ "ಸುನೋ, ಫೋನ್ ಬಜ್ ರಹಾ ಹೈ ಕ್ಯಾ?" ಎಂದು ಹೆಂಡತಿಯನ್ನು ಕೂಗಿದರು. ಯಾವ ಫೋನೂ ಹೊಡೆದುಕೊಳ್ಳುತ್ತಿರಲಿಲ್ಲ.

ನಿಮ್ಮ ತಾತನನ್ನು ಹಳೆಯ ಫೈಲುಗಳ ಕೋಣೆಗೆ ಹಾಕಿದರು. ಆಮೇಲೆ ಅವರು ಕನ್ನಡ ಸಂಘದ ಯುಗಾದಿಗೂ ಬರಲಿಲ್ಲ. ಯಾರಾದರೂ ಪಿಸುಗುಟ್ಟಿದರೆ ತನ್ನದೇ ಮಾತು ಎಂದುಕೊಳ್ಳುವರು. ಒಮ್ಮೆ ಊಟ ಬಡಿಸುತ್ತಾ "ಪತ್ರಿಕೆಗೆ ಕೊಟ್ಟಿದ್ದೂ ಆ ಮಹಾನುಭಾವನೇ" ಎಂದೆ. ಎಂದೂ ಗದರದವರು ತಟ್ಟೆ ಸರಿಸಿಬಿಟ್ಟರು. "ನೋಡಿದ್ಯಾ? ಇಲ್ಲ ತಾನೇ? ನೋಡದೇ ಇದ್ದದ್ದನ್ನ ಬರೆದೇ ನಾನು ಕೆಟ್ಟೆ. ನೀನೂ ಶುರು ಮಾಡ್ಬೇಡ." ಆ ಮಾತಿಗೆ ಕಟ್ಟುಬಿದ್ದು ಇವತ್ತಿಗೂ ಅದೊಂದನ್ನು ನಾನು ಹೇಳುವುದಿಲ್ಲ. ಆದರೆ ಕಿವಿಯಾರೆ ಕೇಳಿದ್ದನ್ನು ಹೇಳಬೇಡವೆಂದು ಅವರೂ ಅನ್ನಲಿಲ್ಲ.

ತಾತ ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಸಾಹೇಬರು ಬಂದಿದ್ದರು. ಪಂಕ್ತಿಯಲ್ಲಿ ಕೂತು, ಪಾಯಸ ಎರಡನೇ ಸಲ ಹಾಕಿಸಿಕೊಂಡು, ಪಕ್ಕದವರಿಗೆ "ಪಾಪ, ಒಳ್ಳೇ ಮನುಷ್ಯ, ಸ್ವಲ್ಪ ಆತುರ ಜಾಸ್ತಿ" ಎಂದರು. ಆತುರ! ಒಂದು ಟಿಪ್ಪಣಿಗೆ ಒಂದು ವಾರ ಯೋಚಿಸುತ್ತಿದ್ದ ಮನುಷ್ಯನಿಗೆ. ಸೌಟು ನನ್ನ ಕೈಯಲ್ಲೇ ಇತ್ತು. ಬಂದವರ ಮುಖ ನೋಡಿ ಮುಂದಿನ ಎಲೆಗೆ ಬಡಿಸಲು ಹೋದೆ.

ಈಗ ಮತ್ತೆ ಎಲ್ಲೋ ಸಮುದ್ರದಲ್ಲಿ ಕೇಬಲು ತುಂಡಾಗಿದೆಯಂತೆ. ಮನೆಯಿಂದಲೇ ಆಫೀಸು ಮಾಡುವ ನಿಮ್ಮಪ್ಪನ ಮೀಟಿಂಗು ನಿಂತು ನಿಂತು ಹೋಗುತ್ತಿದೆ. ಟಿವಿಯಲ್ಲಿ ಕೋಟು ಹಾಕಿದವರು ಒಂದು ದೇಶದ ಹೆಸರು ಹೇಳಿ ಕಿರುಚುತ್ತಾರೆ, ಇನ್ನೊಬ್ಬರು ಲಂಗರು ಜಾರಿತು ಎನ್ನುತ್ತಾರೆ. ಯಾರದ್ದೋ ಮನೆಯಲ್ಲಿ ಇನ್ನೊಬ್ಬ ಸಾಹೇಬ "ಬರೀರಿ" ಎನ್ನುತ್ತಿರಬಹುದು...

ನಿನ್ನೆ ಕನ್ನಡ ಸಂಘದ ವಾಟ್ಸಾಪಿನಲ್ಲಿ ಸಾಹೇಬರು ಹೋದರೆಂಬ ಸುದ್ದಿ ಬಂತು. ಹಾರ ಹಾಕಿದ ಫೋಟೋ, ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ನನ್ನ ಫೋನು ಹಿಡಿದುಕೊಂಡು ನಿಮ್ಮಿಬ್ಬರಲ್ಲಿ ಚಿಕ್ಕವಳು ಕೇಳಿದಳು: "ಅಜ್ಜೀ, ಸಬ್ ಲೋಗ್ ಓಂ ಶಾಂತಿ ಲಿಖ್ ರಹೇ ಹೈಂ. ನಾನೂ ಹಾಕ್ಲಾ, ನಿಮ್ಮ ಹೆಸರಲ್ಲಿ?"

"ಬೇಡ" ಎಂದೆ. ದನಿ ಜೋರಾಯಿತೇನೋ, ಅವಳು ಬೆಚ್ಚಿ ನೋಡಿದಳು. ಅದಕ್ಕೇ ಇದನ್ನು ಬರೆದದ್ದು. ಓದಲು ತಡವರಿಸಿದರೆ ನಿಮ್ಮಮ್ಮನ ಹತ್ತಿರ ಓದಿಸಿಕೊಳ್ಳಿ. ಆ ಭಾನುವಾರ ಆ ಮಾತು ಆಡಿದವರು ಹೋದರು. ಅದನ್ನು ನಂಬಿ ಬರೆದವರು ಎಂದೋ ಹೋದರು. ಕೇಳಿಸಿಕೊಂಡವಳು ಇನ್ನೂ ಇದ್ದೇನೆ. ಇನ್ನು ಮೇಲೆ ನೀವೂ ಕೇಳಿಸಿಕೊಂಡಿದ್ದೀರಿ.