ಗರಡಿ ಗೋಪಣ್ಣನ ಇಪ್ಪತ್ತೇಳಕ್ಕೆ ನ್ಯಾಯವಾದ ರೇಟು

ಭಾನುವಾರ ಬೆಳಗ್ಗೆ ಆರೂವರೆ. ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬೇರೇನೂ ತೆರೆದಿಲ್ಲ. ಸುಜಾತಾ ಅವರ ಮನೆಯ ಜಗುಲಿ ಮೇಲೆ ಇನಾಯತ್ ಉಲ್ಲಾ ಮಂಡಿಯೂರಿ ಕೂತಿದ್ದಾರೆ. ಹಳೇ ಕಾಮಿಕ್ಸ್ ಪುಸ್ತಕವೊಂದನ್ನು ಎಳೆಬಿಸಿಲಿಗೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಮೂಗಿನ ಹತ್ತಿರ ತಂದು ಮೂಸಿ, ಪಕ್ಕಕ್ಕಿಡುತ್ತಾರೆ. ಇನ್ನೊಂದನ್ನು ಎತ್ತಿಕೊಳ್ಳುತ್ತಾರೆ. ಒಟ್ಟು ಇನ್ನೂರ ಹದಿನಾಲ್ಕು ಇವೆ. ಎದುರುಮನೆಯವರು ವಾಕಿಂಗ್ ಹೊರಟವರು ಅಲ್ಲೇ ನಿಂತುಬಿಟ್ಟಿದ್ದಾರೆ.

"ಟ್ಯೂಬ್‌ಲೈಟಲ್ಲಿ ಎಲ್ಲಾ ಪೇಪರೂ ಬೆಳ್ಳಗೇ ಕಾಣ್ತದೆ ಮೇಡಂ. ನಿಜ ಗೊತ್ತಾಗೋದು ಬೆಳಗ್ಗೆ ಬಿಸಿಲಲ್ಲೇ," ಎನ್ನುತ್ತಾರೆ. ತೇಪೆ ಹಾಕಿದ ಹಾಳೆ, ನೀರು ಕುಡಿದ ಅಂಚು, ತುಕ್ಕು ಹಿಡಿದ ಪಿನ್ನು, ಒಂದೂ ಅವರಿಂದ ತಪ್ಪಿಸಿಕೊಳ್ಳುವುದಿಲ್ಲ.

ಅರವತ್ತೊಂದು ವರ್ಷದ ಇನಾಯತ್ ಶಿವಾಜಿನಗರದವರು. ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಅವರದೊಂದು ಅಂಗಡಿಯಿದೆ. ಬೀರುವಿನಷ್ಟೇ ಅಗಲ. ಒಳಗೆ ಒಂಬತ್ತು ಸಾವಿರ ಕಾಮಿಕ್ಸ್ ಇರುವುದರಿಂದ ಮಾಲೀಕರಿಗೆ ಜಾಗವಿಲ್ಲ, ಅವರು ರಸ್ತೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾರೆ. ವಾರಕ್ಕೆ ಮೂರ್ನಾಲ್ಕು ಮನೆಗಳಿಗೆ ಹೋಗಿ ಪುಸ್ತಕ ನೋಡುತ್ತಾರೆ, ಒಮ್ಮೆ ಕಮ್ಮನಹಳ್ಳಿ, ಒಮ್ಮೆ ಕೆ.ಆರ್. ಪುರ. ಅದರಲ್ಲಿ ಅರ್ಧ ವ್ಯಾಪಾರ ಮುರಿದು ಬೀಳುತ್ತದೆ. ಕಾರಣ ಬೇರೇನಲ್ಲ, ಇವರು ನಿಜ ಹೇಳುವುದು.

ಅವರ ಪದ್ಧತಿ ಸರಳ. ಯಾವ ಪುಸ್ತಕವನ್ನು ತಾವು ಎಷ್ಟಕ್ಕೆ ಮಾರುತ್ತೇವೆಂದು ಮೊದಲೇ ಬಾಯಿಬಿಟ್ಟು ಹೇಳಿಬಿಡುತ್ತಾರೆ. "ನೂರಕ್ಕೆ ಮಾರೋದಾದ್ರೆ ಅರವತ್ತು ನಿಮಗೆ, ನಲವತ್ತು ನನಗೆ. ಆ ನಲವತ್ತರಲ್ಲಿ ಬಾಡಿಗೆ, ಗೆದ್ದಲು, ಹೆಂಡ್ತಿ ಬೈಗುಳ ಎಲ್ಲಾ ಬಂತು." ಕಮರ್ಷಿಯಲ್ ಸ್ಟ್ರೀಟಿನಲ್ಲಿ ಚೌಕಾಸಿ ಮಾಡಿ ಮಾಡಿ ಗಂಟಲು ಪಳಗಿಸಿಕೊಂಡ ಜನಕ್ಕೆ ಇದು ಉಪ್ಪಿಲ್ಲದ ಸಾರು. ನೂರು ಅಂತ ಇವನೇ ಹೇಳಿದ ಮೇಲೆ ಸಾವಿರವಾದರೂ ಇರಲೇಬೇಕು ಎಂದು ಪುಸ್ತಕ ಎತ್ತಿ ಒಳಗಿಟ್ಟುಕೊಳ್ಳುತ್ತಾರೆ. "ನಮ್ಮ ಮನೆಯೋರು ಇಟ್ಟಿರೋದು ಅಂಗಡಿ ಅಲ್ಲ, ಕೋರ್ಟು," ಎನ್ನುವುದು ಹೆಂಡತಿ ಶರ್ಫುನ್ನೀಸಾ ಅವರ ದೂರು.

ಈ ಕೋರ್ಟು ಶುರುವಾದದ್ದು ಒಂದು ಬಿರಿಯಾನಿಯಿಂದ. ಇಪ್ಪತ್ತೈದು ವರ್ಷದ ಹಿಂದೆ ಫ್ರೇಜರ್ ಟೌನಿನ ಆಬಿದಾ ಎಂಬುವರ ಮನೆಯಿಂದ ಕಾಮಿಕ್ಸನ್ನೆಲ್ಲ ರದ್ದಿ ಲೆಕ್ಕದಲ್ಲಿ ತೂಕಕ್ಕೆ ತಂದಿದ್ದರು. ಅದರಲ್ಲಿ ಒಂದೇ ಒಂದು ಪುಸ್ತಕ ಮರುವಾರ ಸಾವಿರದಿನ್ನೂರಕ್ಕೆ ಹೋಯಿತು. ಆಮೇಲೊಂದು ಮದುವೆಯಲ್ಲಿ ಆಬಿದಾ ಸಿಕ್ಕಿದರು. ಮನೆ ಖಾಲಿ ಮಾಡಿಕೊಟ್ಟ ಪುಣ್ಯಾತ್ಮ ಎಂದು ಎಲ್ಲರೆದುರು ಹೊಗಳಿ, ತಾವೇ ನಿಂತು ಎರಡೆರಡು ತುಂಡು ಹೆಚ್ಚಿಗೆ ಬಡಿಸಿದರು. ಇನಾಯತ್ ಬಿರಿಯಾನಿ ತಟ್ಟೆ ಹಾಗೇ ಬಿಟ್ಟು ಎದ್ದರು. ಮಾರನೇ ದಿನ ಹೋಗಿ ಏಳುನೂರು ಕೊಟ್ಟು ಬಂದರು. ಇವರಿಗೆ ತಲೆ ಸರಿಯಿಲ್ಲ ಎಂದು ಆಬಿದಾ ಇವತ್ತಿಗೂ ನಂಬಿದ್ದಾರೆ.

ಜಗುಲಿಗೆ ಬರೋಣ. ಸುಜಾತಾ ಮೇಡಂ ಶಾಲೆಯೊಂದರ ಲೈಬ್ರರಿಯಲ್ಲಿ ಮೂವತ್ತೊಂದು ವರ್ಷ ಇದ್ದು ರಿಟೈರ್ ಆದವರು. ಪುಸ್ತಕದ ಕೋಣೆಗೆ ಬುಧವಾರ ಬಾಡಿಗೆಯವರು ಬರುತ್ತಾರೆ, ಅದಕ್ಕೇ ಈ ಮಾರಾಟ. ಪಿನ್ನಿನ ತುಕ್ಕು ಬಿಟ್ಟರೆ ಪುಸ್ತಕಗಳೇನೋ ಹೊಸದರಂತಿವೆ. ಆದರೆ ಕೈ ಅಭ್ಯಾಸ ಬಿಡಬೇಕಲ್ಲ. ಪ್ರತಿಯೊಂದರ ಮುಖಪುಟಕ್ಕೂ ಹದಿನೇಳನೇ ಪುಟಕ್ಕೂ 'ಸುಜಾತಾ ಗೃಹ ಗ್ರಂಥಾಲಯ' ಎಂದು ನೇರಳೆ ಬಣ್ಣದ ಮೊಹರು ಕುಟ್ಟಿಬಿಟ್ಟಿದ್ದಾರೆ. ಮೊಹರು ಬಿದ್ದರೆ ರೇಟು ಬೀಳುತ್ತದೆ ಎಂದು ಇನಾಯತ್ ತಗ್ಗಿದ ದನಿಯಲ್ಲಿ ತಿಳಿಸಿದಾಗ ಮೇಡಂ ಮುಖ ಊದಿಸಿಕೊಳ್ಳುತ್ತಾರೆ. ಮೊಹರಿಲ್ಲದ್ದು ಪುಸ್ತಕವೇ ಅಲ್ಲ ಎನ್ನುವುದು ಅವರ ವಾದ.

ಇನ್ನೂರ ಹದಿಮೂರು ಪುಸ್ತಕಗಳ ಲೆಕ್ಕ ಮುಗಿಯುತ್ತದೆ. ಮೇಡಂ ಗೊಣಗುತ್ತಲೇ ಒಪ್ಪುತ್ತಾರೆ. ಉಳಿದದ್ದು ಒಂದು. ಅದನ್ನು ಇನಾಯತ್ ಕೈಗೆತ್ತಿಕೊಳ್ಳುತ್ತಾರೆ. ಗರಡಿ ಗೋಪಣ್ಣ, ಸಂಚಿಕೆ ಇಪ್ಪತ್ತೇಳು.

ಮನೆಯಲ್ಲಿ ದಖ್ಖನಿ ಮಾತಾಡುವ ಇನಾಯತ್ ಕನ್ನಡ ಓದಲು ಕಲಿತದ್ದೇ ಈ ಗೋಪಣ್ಣನಿಂದ. ಇಪ್ಪತ್ತಾರನೇ ಸಂಚಿಕೆಯ ಕೊನೇ ಪುಟದಲ್ಲಿ ಕಳ್ಳರು ಗೋಪಣ್ಣನ ಕೈಕಾಲು ಕಟ್ಟಿ ಹಾಳುಬಾವಿಗೆ ಎಸೆಯುತ್ತಾರೆ. ಆಗ ಇನಾಯತ್‌ಗೆ ಹನ್ನೆರಡು ವರ್ಷ. ಇಪ್ಪತ್ತೇಳು ಅವರಪ್ಪನ ರದ್ದಿ ಅಂಗಡಿಗೇ ಬಂದಿತ್ತು. ಮಗ ಸ್ಕೂಲಿಂದ ಬರುವಷ್ಟರಲ್ಲಿ ಅಪ್ಪ ಅದರಲ್ಲಿ ಕಡಲೆಕಾಯಿ ಪೊಟ್ಟಣ ಕಟ್ಟಿಸಿ ಕಳಿಸಿಯಾಗಿತ್ತು. ಇಪ್ಪತ್ತೆಂಟರಲ್ಲಿ ನೋಡಿದರೆ ಗೋಪಣ್ಣ ಹಾಯಾಗಿ ಮುದ್ದೆ ಉಣ್ಣುತ್ತಾ ಕೂತಿದ್ದಾನೆ. ಬಾವಿಯಿಂದ ಹೇಗೆ ಬಂದ? ನಲವತ್ತೊಂಬತ್ತು ವರ್ಷದಿಂದ ಇನಾಯತ್ ಇದನ್ನು ಯೋಚಿಸುತ್ತಲೇ ಇದ್ದಾರೆ, ನಮಾಜಿನ ಮಧ್ಯೆ ಕೂಡ. ಅದು ತಪ್ಪು ಎಂದು ಅವರೇ ಒಪ್ಪುತ್ತಾರೆ.

ಈಗ ಉತ್ತರ ಕೈಯಲ್ಲಿದೆ. ಆದರೆ ತೆರೆಯುವಂತಿಲ್ಲ. ರೇಟು ಮಾತಾಡುವ ಮುಂಚೆ ಮಾರುವವರ ಪುಸ್ತಕ ಓದಿದರೆ ಅದು ಕದ್ದ ಹಾಗೆ ಎಂದು ಅವರು ನಂಬಿದ್ದಾರೆ. ಹಾಗಾಗಿ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಲ್ಲೇ ಪುಟ ಎಣಿಸುತ್ತಾರೆ. ಮೂವತ್ತೆರಡು, ಸರಿಯಾಗಿದೆ.

ಇದಕ್ಕೆಷ್ಟು ಎಂದು ಮೇಡಂ ಕೇಳುತ್ತಾರೆ.

"ಗೊತ್ತಿಲ್ಲ ಮೇಡಂ."

ವ್ಯಾಪಾರಿಯ ಬಾಯಲ್ಲಿ ಇಂಥ ಮಾತು ಬಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಇನಾಯತ್ ಬಿಡಿಸಿ ಹೇಳುತ್ತಾರೆ. ಈ ಪುಸ್ತಕ ಅವರಿಗೇ ಬೇಕು, ಪ್ರಾಣ ಹೋದರೂ ಮಾರುವುದಿಲ್ಲ. ಮಾರುವುದೇ ಇಲ್ಲ ಎಂದ ಮೇಲೆ ಮಾರುವ ಬೆಲೆ ಎಲ್ಲಿಂದ ಬರಬೇಕು? ಅದಿಲ್ಲದೆ ನೂರಕ್ಕೆ ಅರವತ್ತು ಹಾಕುವುದು ಯಾವುದಕ್ಕೆ? ಕಮ್ಮಿ ಹೇಳಿದರೆ ಮೇಡಂಗೆ ಮೋಸ. ಜಾಸ್ತಿ ಹೇಳಿದರೆ ಶರ್ಫುನ್ನೀಸಾಗೆ. ಬೇಡ ಎಂದು ಬಿಟ್ಟುಹೋಗೋಣವೆಂದರೆ ಕಾಲು ಏಳುತ್ತಿಲ್ಲ.

ಬಾವಿಯ ಕಥೆಯನ್ನೂ ಕೇಳಿದ ಮೇಡಂ, ಅದು ತಮಗೆ ಗೊತ್ತು, ಹೇಳಿಬಿಡಲೇ ಎನ್ನುತ್ತಾರೆ. ಇನಾಯತ್ ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ.

 ಮೇಡಂ ಒಳಗೆ ಹೋಗಿ ಕುರ್ಚಿಯೊಂದನ್ನು ತಂದು ಹಾಕುತ್ತಾರೆ. "ಲೈಬ್ರರೀಲಿ ಕೂತು ಓದೋಕೆ ದುಡ್ಡಿಲ್ಲ ಇನಾಯತ್ ಭಾಯ್. ಓದಿ. ರೇಟು ಆಮೇಲೆ."

ಇನಾಯತ್ ಓದುತ್ತಾರೆ, ಒಂದೊಂದು ಅಕ್ಷರಕ್ಕೂ ತುಟಿ ಆಡಿಸುತ್ತಾ. ಮೇಡಂ ತಂದಿಟ್ಟ ಟೀ ಆರಿಹೋಗುತ್ತದೆ. ಮೂವತ್ತೆರಡನೇ ಪುಟ ಮುಗಿಸಿ, ಪುಸ್ತಕ ಮುಚ್ಚುತ್ತಾರೆ.

"ಬಾವಿಗೆ ಮೆಟ್ಟಿಲಿತ್ತು ಮೇಡಂ."

ಮೇಡಂ ಹೌದೆಂದು ತಲೆಯಾಡಿಸುತ್ತಾರೆ. ಇಬ್ಬರಿಗೂ ಒಟ್ಟಿಗೇ ನಗು ಬರುತ್ತದೆ. ಇನಾಯತ್ ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾರೆ, ಅದರಲ್ಲಿ ನಗುವಿನದೆಷ್ಟು, ಅಳುವಿನದೆಷ್ಟು ಎಂದು ಅವರಿಗೂ ತಿಳಿಯದು. ಆಮೇಲೆ ಕನ್ನಡಕ ಸರಿಮಾಡಿಕೊಂಡು, ಕೆಲಸದ ದನಿಗೆ ವಾಪಸ್ ಬರುತ್ತಾರೆ. ಮೂರು ಸಾವಿರಕ್ಕೆ ಮಾರಬಹುದು, ಮೇಡಂಗೆ ಸಾವಿರದೆಂಟುನೂರು. ಮೊಹರು ಇಲ್ಲದಿದ್ದರೆ ಇನ್ನೂ ಸಾವಿರ ಸಿಗುತ್ತಿತ್ತು.

ನಿಜವಾಗಲೂ ಮಾರುತ್ತೀರಾ ಎಂದು ಮೇಡಂ ಕೇಳುತ್ತಾರೆ.

"ಮಾರ್ತೀನಿ ಮೇಡಂ. ನನ್ನ ಥರಾನೇ ಇಪ್ಪತ್ತಾರಕ್ಕೆ ನಿಂತುಹೋದೋನು ಇನ್ನೊಬ್ಬ ಎಲ್ಲೋ ಇರ್ತಾನೆ. ನಿಮಗೆ ಎಷ್ಟು ಕೊಟ್ಟೆ ಅಂತ ಅವನಿಗೂ ಹೇಳ್ತೀನಿ, ಪಿನ್ನು ತುಕ್ಕು ಹಿಡಿದಿದೆ ಅಂತಾನೂ ಹೇಳ್ತೀನಿ. ಮೆಟ್ಟಿಲಿನ ವಿಷಯ ಮಾತ್ರ ಹೇಳಲ್ಲ."