ಕೊಣ್ಣೂರ ಬಾವಿಯ ಕಪ್ಪೆಗಳು

ಗೋಕಾಕದ ಒಂದು ಕಾಲೇಜಿನಲ್ಲಿ ನಾನು ಜೀವಶಾಸ್ತ್ರ ಕಲಿಸುತ್ತೇನೆ. ತವರು ಕೊಣ್ಣೂರ. ಅಲ್ಲಿ ಅಣ್ಣನ ಹೊಲದ ಅಂಚಿನಲ್ಲಿ ಕಲ್ಲು ಕಟ್ಟಿದ ಬಾವಿಯೊಂದಿತ್ತು. ನೆರೆಯವರಿಗೂ ಅದರಲ್ಲಿ ಪಾಲು. ಬಾವಿ ತುಂಬ ಕಪ್ಪೆಗಳು. ಕಣ್ಣಷ್ಟೇ ಮೇಲಿಟ್ಟು ತೇಲುತ್ತಿದ್ದವು, ಹೆಜ್ಜೆ ಸಪ್ಪಳವಾದರೆ ನೀರಿನ ಮೇಲೆಯೇ ಪುಟಿಯುತ್ತ ಓಡಿಬಿಡುತ್ತಿದ್ದವು.

ಅವುಗಳ ಒಡಲಲ್ಲಿ ಬದುಕುವ ಹುಳುಗಳ ಬಗ್ಗೆ ನಾನು ಅಭ್ಯಾಸ ಮಾಡುತ್ತಿದ್ದೆ. ಒಂದು ಭಾನುವಾರ ಆಗಷ್ಟೇ ಸತ್ತಿದ್ದ ಕಪ್ಪೆಯನ್ನು ಕೊಯ್ದು ಕೂತಿದ್ದಾಗ ಅಣ್ಣ ಬಂದು ಪಕ್ಕದಲ್ಲಿ ಕುಳಿತ. ಮನೆಯಲ್ಲಿ ಯಾರೂ ನನ್ನ ಕೆಲಸದ ಕಡೆ ತಿರುಗಿ ನೋಡಿದವರಲ್ಲ. ಶ್ವಾಸಕೋಶದೊಳಗೆ ಎಲೆಯಂತೆ ಚಪ್ಪಟೆಯಾದ ಕಂದು ಹುಳು ಮಿಸುಕುವುದನ್ನು ತೋರಿಸಿದೆ. ಇದರ ಮೊಟ್ಟೆ ನೀರಿಗೆ ಬಿದ್ದು, ಬಸವನಹುಳುವಿನಲ್ಲಿ ಬೆಳೆದು, ಅಲ್ಲಿಂದ ಏರೋಪ್ಲೇನ್ ಚಿಟ್ಟೆಯ ಮರಿಯನ್ನು ಸೇರುತ್ತದೆ, ಆ ಚಿಟ್ಟೆಯನ್ನು ತಿಂದ ಕಪ್ಪೆಗೆ ಹುಳು ಬರುತ್ತದೆ ಎಂದೆಲ್ಲ ಹೇಳಿದೆ.

"ಮಂದಿಗೆ ಬರ್ತೈತೇನು ಇದು?" ಎಂದ.

"ಇಲ್ಲಣ್ಣ. ಕಪ್ಪಿ ಬಿಟ್ರ ಇದು ಬದುಕಂಗಿಲ್ಲ."

ಅವನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡ. ಗೋಕಾಕಕ್ಕೆ ಮರಳುವಾಗ ಬಸ್ಸಿನಲ್ಲಿ ನನಗೆ ಒಬ್ಬಳಿಗೇ ನಗು ಬರುತ್ತಿತ್ತು, ಅಷ್ಟು ಖುಷಿಯಾಗಿತ್ತು.

ಮುಂದೆ ಯಮಕನಮರಡಿಯಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ದೂರದ ಅತ್ತೆ, "ಛಲೋ ಮಾಡಿದಿ ನೋಡವಾ, ವ್ಯಾಳ್ಯಾಕ್ಕ ಹೇಳಿ ಬಾವಿ ಮುಚ್ಚಿಸಿದಿ. ಹುಳ ಎದಿಯಾಗ ಹೊಕ್ಕರ ಯಾರ ಗತಿ ಏನು?" ಎಂದರು.

ಅಲ್ಲಿಂದ ನೇರವಾಗಿ ಕೊಣ್ಣೂರಿಗೆ ಹೋದೆ. ಬಾವಿ ಇದ್ದಲ್ಲಿ ಗರಸು ಮಣ್ಣು ಸಪಾಟಾಗಿ ಬಿದ್ದಿತ್ತು, ಅದರ ಮೇಲೆ ಕಬ್ಬಿನ ಟ್ರ್ಯಾಕ್ಟರ್ ತಿರುಗಿದ ಗುರುತು. ಆ ಜಾಗಕ್ಕಾಗಿ ಬಾವಿ ಮುಚ್ಚೋಣವೆಂದು ಅಣ್ಣ ಹಿಂದೆಯೂ ನೆರೆಯವರನ್ನು ಕೇಳಿದ್ದ, ಅವರು ಒಪ್ಪಿರಲಿಲ್ಲ. ಈ ಸಲ ಫೋಟೊ ತೋರಿಸಿ, ಈ ಹುಳು ಮಂದಿಗೂ ಬರುತ್ತದೆ, ತಂಗಿಯೇ ಹೇಳಿದ್ದಾಳೆ ಎಂದಿದ್ದ.

"ಮಂದಿಗೆ ಬರಂಗಿಲ್ಲ ಅಂತ ನಿನಗ ಹೇಳಿದ್ನಲ್ಲ," ಎಂದೆ.

"ಹೇಳಿದ್ದಿ," ಅಣ್ಣ ಚಹಾದ ಬಸಿ ಕೆಳಗಿಟ್ಟ. "ನನ್ನ ಮಾತು ಅವ್ರು ಕೇಳತಿದ್ದಿಲ್ಲ. ನಿನ್ನ ಮಾತು ಕೇಳ್ತಾರ."

ಅಂದು ಸಂಜೆ ನೆರೆಮನೆಗಳಿಗೆ ಹೋಗಿ ನಿಜ ಹೇಳಿದೆ. ಒಬ್ಬ ಮುದುಕಿ ಎಮ್ಮೆಗೆ ನಲ್ಲಿ ನೀರು ಹಿಡಿಯುತ್ತ ಕೇಳಿಸಿಕೊಂಡಳು. "ಆಗ ನೀ ಅಂದಿ ಅಂದ್ರು, ನಂಬಿದ್ವಿ. ಈಗ ನೀನ ಅಲ್ಲಂತಿ. ಯಾವುದು ಖರೆ ಹಿಡಿಯೂಣವ್ವಾ?" ಎಂದಳು.

ತವರಿಗೆ ಈಗಲೂ ಹೋಗುತ್ತೇನೆ, ಅತ್ತಿಗೆ ಬಡಿಸಿದ ರೊಟ್ಟಿ ಉಣ್ಣುತ್ತೇನೆ. ಅಣ್ಣ ಎದುರಿಗೆ ಕೂತು, ಹೊಸದೇನು ಓದುತ್ತಿದ್ದೀ ಎಂದು ಕೇಳುತ್ತಾನೆ. ಅವನಿಗೆ ನಿಜವಾಗಿಯೂ ಆಸಕ್ತಿ ಇದೆಯೋ ಏನೋ. ಏನೂ ಇಲ್ಲ ಎಂದು ಕೈ ತೊಳೆಯಲು ಏಳುತ್ತೇನೆ.